ಸ್ಕೋರ್ ಶೀಟ್‌ನಲ್ಲಿ ಇಲ್ಲದ ಆಟ

ಬೆಳಗಾವಿಯಲ್ಲಿ ಮಳೆ ಹಿಡಿಯೋದೂ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ಬರೋದೂ ಒಂದೇ ಹೊತ್ತಿಗೆ. ಅಲ್ಲಿ ರಾತ್ರಿ ಆಟ, ನಮಗೆ ಬೆಳಗಿನ ಚಹಾದ ಸಮಯ. ನನ್ನ ಅಕ್ಕನ ಮಗ ಟಿಳಕವಾಡಿಯಿಂದ ನೆನೆದುಕೊಂಡೇ ನಮ್ಮ ಮನೆಗೆ ಬರುತ್ತಾನೆ, ಇಬ್ಬರೂ ಕೂತು ನೋಡುತ್ತೇವೆ. ಆಟ ಮುಗಿದ ಮೇಲೆ ಜಗಳ ಮಾತ್ರ ಪ್ರತಿ ವರ್ಷ ಅದೇ: ಎಲ್ಲರಿಗಿಂತ ದೊಡ್ಡ ಆಟಗಾರ ಮೈಕೆಲ್ ಜೋರ್ಡನ್ನೋ, ಲೆಬ್ರಾನ್ ಜೇಮ್ಸೋ?

"ಮಾಮಾ, ಫೈನಲ್ಸ್‌ನಾಗ ಜೋರ್ಡನ್ ಆರಕ್ಕ ಆರು ಗೆದ್ದಾನ. ಲೆಬ್ರಾನ್ ಹತ್ತಕ್ಕ ನಾಕು. ಇನ್ನೇನ್ ಮಾತಾಡೂದೈತಿ?"

ಮಾತಾಡೋದು ಬಹಳ ಇದೆ. ಜೋರ್ಡನ್ ಆಡಿದ ಮೊದಲ ಮೂರು ವರ್ಷವೂ ಅವನ ತಂಡ ಪ್ಲೇಆಫ್ ಅನ್ನೋ ನಾಕೌಟ್ ಹಂತದ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಹೋಯಿತು. 1986ರಲ್ಲಿ ಬಾಸ್ಟನ್ ವಿರುದ್ಧ ಅವನೊಬ್ಬನೇ 63 ಪಾಯಿಂಟ್ ಹೊಡೆದ, ಒಂದು ಪ್ಲೇಆಫ್ ಪಂದ್ಯಕ್ಕೆ ಇವತ್ತಿಗೂ ಅದೇ ದಾಖಲೆ, ಆದರೂ ಸರಣಿ 3-0ಯಲ್ಲಿ ಹೋಯಿತು. "ಆರಕ್ಕೆ ಆರು" ಅನ್ನುವಾಗ ಈ ವರ್ಷಗಳು ಲೆಕ್ಕಕ್ಕೇ ಬರಲ್ಲ. ಫೈನಲ್‌ವರೆಗೆ ಬಂದು ಸೋತರೆ ಕಳಂಕ, ಮೊದಲ ಸುತ್ತಿನಲ್ಲೇ ಸೋತರೆ ಏನೂ ಇಲ್ಲ ಅಂದರೆ ಇದ್ಯಾವ ನ್ಯಾಯ? ಅಂಕಿಯ ವೇಷ ಹಾಕಿಕೊಂಡ ಕಥೆ ಅದು.

ಹಾಗಂತ ಅಂಕಿ ಒಂದನ್ನೇ ನಂಬು ಅಂತಲೂ ನಾನು ಅವನಿಗೆ ಹೇಳಲ್ಲ. 2016ರ ಫೈನಲ್ಸ್‌ನಲ್ಲಿ ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ (ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯೋದು) ಹೀಗೆ ಐದೂ ಲೆಕ್ಕಗಳಲ್ಲಿ ಎರಡೂ ತಂಡಗಳ ಎಲ್ಲ ಆಟಗಾರರಿಗಿಂತ ಮುಂದೆ ಇದ್ದವನು ಲೆಬ್ರಾನ್. ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಹಿಂದೆ ಬಿದ್ದಿದ್ದ ಅವನ ತಂಡವೇ ಗೆದ್ದಿತು. ಆದರೆ ಜನರ ಕಣ್ಣಲ್ಲಿ ಉಳಿದದ್ದು ಯಾವುದು? ಏಳನೇ ಪಂದ್ಯ, 89-89, ಎರಡು ನಿಮಿಷ ಕೂಡ ಬಾಕಿ ಇಲ್ಲ, ಎದುರು ತಂಡದ ಇಗ್ವಡಾಲ ಬುಟ್ಟಿಯ ಹತ್ತಿರದ ಸುಲಭದ ಲೇಅಪ್‌ಗೆ ಹಾರಿದ, ಹಿಂದಿನಿಂದ ಓಡಿ ಬಂದ ಲೆಬ್ರಾನ್ ಚೆಂಡನ್ನು ಬೋರ್ಡಿಗೆ ಅಪ್ಪಳಿಸಿದ. ಪುಸ್ತಕದಲ್ಲಿ ಅದು ಬರೀ 1 ಬ್ಲಾಕ್, ಬೇರೆ ಯಾವ ಬ್ಲಾಕ್ ಇದ್ದರೂ ಅಷ್ಟೇ.

ಇನ್ನೂ ಹಿಂದೆ ಹೋದರೆ ಬಾಸ್ಟನ್ ತಂಡದ ಬಿಲ್ ರಸೆಲ್. 13 ವರ್ಷದಲ್ಲಿ 11 ಸಲ ಚಾಂಪಿಯನ್. ಅವನ ದೊಡ್ಡ ವಿದ್ಯೆಯೇ ಬ್ಲಾಕ್, ಆದರೆ ಎನ್‌ಬಿಎ ಬ್ಲಾಕ್ ಎಣಿಸೋಕೆ ಶುರು ಮಾಡಿದ್ದು 1973-74ರಲ್ಲಿ. ಅವನು 1969ರಲ್ಲೇ ಆಟ ಬಿಟ್ಟಿದ್ದ. ಅಂದರೆ ಅವನ ಅರ್ಧ ಆಟ ಯಾವ ಕಾಗದದಲ್ಲೂ ಇಲ್ಲ. ಅದೇ ಕಾಲದ ವಿಲ್ಟ್ ಚೇಂಬರ್ಲಿನ್ 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದ, ಒಂದು ರಾತ್ರಿ ಪೂರಾ 100. ಆ ವರ್ಷದ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ, ಯಾರು? ರಸೆಲ್. ಆಗ ಓಟು ಹಾಕುತ್ತಿದ್ದವರು ಆಟಗಾರರೇ. ಇಬ್ಬರ ಎದುರಿಗೂ ಮೈಯೊಡ್ಡಿ ಆಡಿದವರು 50.4 ನೋಡಿಯೂ ರಸೆಲ್ ಹೆಸರು ಬರೆದರು! ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದು ನನಗೆ ಇಷ್ಟು ನಾಟೋಕೆ ಕಾರಣ ಇದೆ. ಕಾಲೇಜು ಟೂರ್ನಮೆಂಟ್‌ಗಳಲ್ಲಿ ನಾನು ಸ್ಕೋರರ್ ಟೇಬಲ್ಲಿನಲ್ಲಿ ಕೂರುತ್ತೇನೆ. ಎರಡು ಬಣ್ಣದ ಪೆನ್ನು, ಒಂದು ಉದ್ದದ ಹಾಳೆ. ಬ್ಯಾಸ್ಕೆಟ್ ಆದರೆ ಅಂಕಿಯ ಮೇಲೆ ಗೀರು, ಫೌಲ್ ಆದರೆ ಹೆಸರಿನ ಮುಂದೆ ಗುರುತು. ಒಂದು ಪಂದ್ಯದಲ್ಲಿ ಒಬ್ಬ ತೆಳ್ಳಗಿನ ಹುಡುಗ ಎದುರಿನ ತಂಡದ ಮುಖ್ಯ ಆಟಗಾರನ ಬೆನ್ನು ಬಿಡಲೇ ಇಲ್ಲ. ಅವನ ಕೈಗೆ ಚೆಂಡೇ ಸಿಗದಂತೆ ನೋಡಿಕೊಂಡ, ಮೊಣಕೈ ಏಟು ತಿಂದ, ಎರಡು ಸಲ ಸಿಮೆಂಟ್ ನೆಲಕ್ಕೆ ಬಿದ್ದು ಮೊಣಕಾಲು ತರಚಿಕೊಂಡ. ತಂಡ ಗೆದ್ದಿತು. ನನ್ನ ಹಾಳೆಯಲ್ಲಿ ಅವನ ಹೆಸರಿನ ಲೆಕ್ಕ ಎರಡು ಪಾಯಿಂಟ್, ನಾಲ್ಕು ಫೌಲ್. ಅದನ್ನು ನೋಡಿದ ಯಾರಾದರೂ ಇವನನ್ನು ಯಾಕೆ ಆಡಿಸಿದ್ರೋ ಅಂತಲೇ ಅಂದುಕೊಳ್ಳಬೇಕು. ಆ ಹಾಳೆಗೆ ಸಹಿ ಮಾಡುವಾಗ ನನಗೆ ನಿಜವಾಗಿ ಸಂಕಟ ಆಯಿತು.

ಅದಕ್ಕೇ ಹೋದ ಟೂರ್ನಮೆಂಟ್‌ಗೆ ಅಳಿಯನನ್ನೂ ಕರೆದುಕೊಂಡು ಹೋದೆ. ಟೇಬಲ್ಲಿನ ಹಿಂದೆ ಕೂರಿಸಿ ಕೈಗೊಂದು ನೋಟ್‌ಬುಕ್ ಕೊಟ್ಟೆ. ಚೆಂಡು ನೋಡಬೇಡ, ಆ ಹುಡುಗ ಒಬ್ಬನನ್ನೇ ನೋಡಿ ಬರಿ ಅಂದೆ. ಮೊದಲ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಒಂದು ಪುಟ ತುಂಬಿತ್ತು. ಆಮೇಲೆ ನನ್ನ ಹಾಳೆ ಕಡೆ ಬಗ್ಗಿ ಕೇಳಿದ, "ಮಾಮಾ, ಇದನ್ನೆಲ್ಲಾ ಯಾವ ಕಾಲಮ್ಮಿನಾಗ ಹಾಕೂದು?"