ಹಾನ್ಲೆಯ ದೊಡ್ಡ ಕನ್ನಡಿ

ಲಡಾಖ್ ಅಂದ್ರೆ ಎಲ್ರೂ ಪ್ಯಾಂಗಾಂಗ್ ಅಂತಾರೆ, ನನಗೆ ಮಾತ್ರ ಮೊದಲಿಂದ್ಲೂ ಹಾನ್ಲೆ ನೋಡೋ ಆಸೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರ (ಬಿಎಆರ್‌ಸಿ) ಮೇಸ್ ಟೆಲಿಸ್ಕೋಪ್ ಇರೋದು ಅಲ್ಲೇ, ಗಾಮಾ ಕಿರಣ, ಅಂದ್ರೆ ಬೆಳಕಿನ ಜಾತಿಯಲ್ಲೇ ಅತಿ ಹೆಚ್ಚು ಶಕ್ತಿ ಇರೋದನ್ನ ಹುಡುಕೋಕೆ ಅಂತಲೇ ಕಟ್ಟಿದ್ದು, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತು. ಆಕಾಶ ಪೂರ್ತಿ ಕತ್ತಲಾಗಿರ್ಬೇಕು ಅಂತ ಮಹಾಲಯ ಅಮಾವಾಸ್ಯೆ ಸುತ್ತ ಟಿಕೆಟ್ ಮಾಡಿಸ್ದೆ. ಪಿತೃಪಕ್ಷದಲ್ಲಿ ಯಾರಾದ್ರೂ ಪ್ರಯಾಣ ಹೊರಡ್ತಾರಾ ಅಂತ ಅಮ್ಮ ಬೇಜಾರು ಮಾಡ್ಕೊಂಡ್ರು, ಆದ್ರೂ ತಮ್ಮನ್ನ ಕರ್ಕೊಂಡು ಹೊರಟೇಬಿಟ್ಟೆ.

ಲೇಹ್‌ನಲ್ಲಿ ರೆಸ್ಟ್ ಮಾಡಿ, ಸಿಂಧೂ ನದಿ ಪಕ್ಕದಲ್ಲೇ ನ್ಯೋಮಾ ದಾಟಿ, ಲೋಮಾ ಚೆಕ್‌ಪೋಸ್ಟಲ್ಲಿ ಪರ್ಮಿಟ್ ತೋರ್ಸಿ ಮಧ್ಯಾಹ್ನದ ಮೇಲೆ ಹಾನ್ಲೆ ತಲುಪಿದ್ವಿ. ಮೇಸ್ ದೂರದಿಂದ್ಲೇ ಕಾಣತ್ತೆ. ಅದಕ್ಕೆ ಗುಮ್ಮಟ ಇಲ್ಲ, ಗಾಳಿ ಹಿಮ ಏನೇ ಬರ್ಲಿ ಬಯಲಲ್ಲೇ ನಿಂತಿರತ್ತೆ. 21 ಮೀಟರ್ ಅಗಲದ ಬಟ್ಟಲು, ಒಟ್ಟು 180 ಟನ್ ತೂಕ, ಅಷ್ಟೂ ಆರು ಚಕ್ರದ ಮೇಲೆ ದುಂಡಗಿನ ಹಳಿಯಲ್ಲಿ ತಿರುಗತ್ತೆ. ಬೇಲಿ ಈಚೆ ನಿಂತು ಬೈನಾಕ್ಯುಲರ್‌ನಲ್ಲಿ ನೋಡ್ದಾಗ ಗೊತ್ತಾಯ್ತು, ಅದು ಒಂದೇ ಕನ್ನಡಿ ಅಲ್ಲ, 1,424 ಚೌಕ ಚೌಕ ಕನ್ನಡಿ, ಗಾಜಲ್ಲ, ಲೋಹನೇ ವಜ್ರದ ಮೊನೆಯಿಂದ ಕಡೆದು ಹೊಳಪು ಕೊಟ್ಟಿರೋದು. ಒಂದರಲ್ಲಿ ಕಂದು ಗುಡ್ಡದ ಚೂರು, ಪಕ್ಕದ್ರಲ್ಲಿ ನೀಲಿ ಆಕಾಶದ ಚೂರು. ಎದುರಿಗೆ ಉದ್ದನೆ ಕಂಬಿಗಳ ತುದೀಲಿ ಕ್ಯಾಮೆರಾ ಪೆಟ್ಟಿಗೆ, ಅದರೊಳಗೆ ತೀರಾ ಮಂದ ಬೆಳಕನ್ನೂ ವಿದ್ಯುತ್ ಸಂಕೇತ ಮಾಡೋ 1,088 ಫೋಟೋಮಲ್ಟಿಪ್ಲೈಯರ್ ಟ್ಯೂಬ್.

ಇದ್ರಲ್ಲಿ ಕಣ್ಣಿಟ್ಟು ನೋಡ್ಬೋದಾ ಅಂತ ತಮ್ಮ ಕೇಳ್ದ. ಆಗಲ್ಲ, ಯಾಕಂದ್ರೆ ಗಾಮಾ ಕಿರಣ ನೆಲದ ತನಕ ಬರೋದೇ ಇಲ್ಲ. ವಾತಾವರಣದ ಮೇಲ್ಗಡೆನೇ ಒಂದು ಪರಮಾಣುಗೆ ಬಡಿದು ಎಲೆಕ್ಟ್ರಾನ್, ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ಚಾರ್ಜಿನ ಪ್ರತಿರೂಪ) ಜೋಡಿ ಆಗತ್ತೆ, ಅವು ಮತ್ತೆ ಗಾಮಾ ಹುಟ್ಟಿಸ್ತಾವೆ, ಅದು ಮತ್ತೆ ಜೋಡಿ ಆಗತ್ತೆ, ಹೀಗೆ ಕಣಗಳ ಒಂದು ಮಳೆನೇ ಸುರಿಯತ್ತೆ. ಗಾಳಿಯಲ್ಲಿ ಬೆಳಕು ಹೋಗೋದಕ್ಕಿಂತ ಜೋರಾಗಿ ಈ ಕಣಗಳು ಹೋಗೋದ್ರಿಂದ ಚೆರೆಂಕೋವ್ ಬೆಳಕು ಅಂತ ಒಂದು ನೀಲಿ ಮಿಂಚು ಹೊಮ್ಮತ್ತೆ, ಬರೀ ಕೆಲವು ನ್ಯಾನೋಸೆಕೆಂಡು. ಮೇಸ್ ಹಿಡಿಯೋದು ಆ ಮಿಂಚನ್ನ. ಎತ್ತರದಲ್ಲಿದ್ದಷ್ಟೂ ಈ ಕಣಗಳ ಮಳೆಗೆ ಹತ್ತಿರ, ಕಡಿಮೆ ಶಕ್ತಿಯ ಕಿರಣದ ಸಣ್ಣ ಮಿಂಚೂ ಸಿಗತ್ತೆ, ಅದಕ್ಕೇ ಸುಮಾರು 4,300 ಮೀಟರ್ ಮೇಲೆ ಇಟ್ಟಿರೋದು. ತೊಂದರೆ ಏನಂದ್ರೆ ಕಾಸ್ಮಿಕ್ ಕಿರಣದ, ಅಂದ್ರೆ ಬಾಹ್ಯಾಕಾಶದಿಂದ ನುಗ್ಗಿ ಬರೋ ಕಣಗಳ ಪ್ರೋಟಾನ್‌ಗಳೂ ಇಂಥದ್ದೇ ಮಿಂಚು ಹುಟ್ಟಿಸ್ತಾವೆ, ಅದೂ ಗಾಮಾಕ್ಕಿಂತ ಎಷ್ಟೋ ಪಾಲು ಜಾಸ್ತಿ, ಚಿತ್ರದ ಆಕಾರ ನೋಡಿ ಬೇರ್ಪಡಿಸ್ಬೇಕು. 1989ರಲ್ಲಿ ಅಮೆರಿಕದ ಅರಿಜೋನಾದ ವಿಪಲ್ ಟೆಲಿಸ್ಕೋಪಿನವರು ಹೀಗೆ ಸೋಸಿಯೇ ಕ್ರ್ಯಾಬ್ ನೆಬ್ಯುಲಾ ಅನ್ನೋ ಸಿಡಿದ ನಕ್ಷತ್ರದ ಉಳಿಕೆಯಿಂದ ಬರೋ ಟೆರಾ (ಲಕ್ಷ ಕೋಟಿ) ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣಗಳನ್ನ ಮೊದಲು ಖಚಿತವಾಗಿ ಹಿಡಿದಿದ್ದು.

ಇಷ್ಟು ಕಷ್ಟ ಯಾಕೆ ಪಡ್ಬೇಕು ಅಂದ್ರೆ, ಪ್ರೋಟಾನ್‌ಗೆ ಚಾರ್ಜ್ ಇದೆ, ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಅಲ್ಲಿ ಇಲ್ಲಿ ತಿರುಗಿ ಬರತ್ತೆ, ಎಲ್ಲಿಂದ ಹೊರಟಿತ್ತು ಅಂತ ಹೇಳೋಕಾಗಲ್ಲ. ಗಾಮಾ ನೇರ ಬರತ್ತೆ. ಎಲ್ಲಿ ನಕ್ಷತ್ರ ಸಿಡಿದಿದೆ, ಎಲ್ಲಿ ಬ್ಲ್ಯಾಕ್ ಹೋಲ್ ಕಣಗಳನ್ನ ಚಿಮ್ಮಿಸ್ತಿದೆ ಅಂತ ಬೆರಳು ಮಾಡಿ ತೋರಿಸತ್ತೆ. ನನ್ನನ್ನ ಈ ವಿಷಯದಲ್ಲಿ ಕಟ್ಟಿಹಾಕಿರೋದು ಇದೇ.

ಹತ್ರದಲ್ಲೇ ಹಗಾರ್ ಅನ್ನೋ ಇನ್ನೊಂದು ಗಾಮಾ ಟೆಲಿಸ್ಕೋಪ್ ಗುಂಪು, ಒಂದರಲ್ಲಿ ಏಳು ಕನ್ನಡಿ ಇರೋ ಏಳು ಪುಟ್ಟ ಟೆಲಿಸ್ಕೋಪ್, 2008ರಿಂದ ಇದೆ. ಅದನ್ನ ಮಾಡಿದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಜೊತೆ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು. ಆ ಗೇಟ್ ಮುಂದೆ ಎಷ್ಟು ಸಲ ಓಡಾಡಿದ್ದೀನೋ, ಅಲ್ಲಿನವರ ಕೆಲಸ ಇಷ್ಟು ದೂರದ ಚಳೀಲಿ ನಿಂತಿರೋದು ನೋಡಿ ಎದೆ ಉಬ್ಬಿತು.

ರಾತ್ರಿ ಹೋಮ್‌ಸ್ಟೇಲಿ ಆಮಾ-ಲೇ (ಮನೆಯ ಅಮ್ಮ) ಥುಕ್ಪಾ ಅನ್ನೋ ನೂಡಲ್ ಸೂಪ್ ಬಡಿಸಿ ಮೊದಲು ಮಾಡಿದ್ದು ಕಿಟಕಿಗೆಲ್ಲ ದಪ್ಪ ಪರದೆ ಎಳೆದಿದ್ದು. 2022ರಿಂದ ಇದು ಡಾರ್ಕ್ ಸ್ಕೈ ರಿಸರ್ವ್, ಅಂದ್ರೆ ರಾತ್ರಿ ಆಕಾಶ ಕತ್ತಲಾಗೇ ಇರ್ಲಿ ಅಂತ ಕಾಪಾಡೋ ಜಾಗ, ಊರಿನ ಹುಡುಗ ಹುಡುಗೀರಿಗೇ ಟ್ರೈನಿಂಗ್ ಕೊಟ್ಟು ಟೆಲಿಸ್ಕೋಪ್ ಕೊಟ್ಟಿದ್ದಾರೆ. ಅಂಥ ಒಬ್ಬ ಹುಡುಗಿ ನಡುರಾತ್ರಿ ಮೇಲೆ ವೃಷಭ ರಾಶಿ ಎತ್ತರಕ್ಕೆ ಬಂದಾಗ ಕ್ರ್ಯಾಬ್ ನೆಬ್ಯುಲಾ ತೋರಿಸಿದ್ಲು. ನೇರ ನೋಡಿದ್ರೆ ಮಾಯ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ರೆ ಬೂದು ಬಣ್ಣದ ಮಬ್ಬು ಮಚ್ಚೆ. 1054ರಲ್ಲಿ ಚೀನಾದವರು ಹಗಲಲ್ಲೂ ಕಂಡಿದ್ದ ಸೂಪರ್‌ನೋವಾದ ಉಳಿಕೆ ಇದೇ, ನಡುವೆ ಒಂದು ಪಲ್ಸಾರ್ (ಸಿಡಿದ ನಕ್ಷತ್ರದ ತಿರುಗೋ ತಿರುಳು) ಸೆಕೆಂಡಿಗೆ 30 ಸುತ್ತು ಹೊಡೀತಿದೆ. ನನ್ನ ಕಣ್ಣಿಗೆ ಬಿದ್ದ ಒಂದೊಂದು ಬೆಳಕಿನ ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇದ್ದೀತು. ಇದೇ ಮಚ್ಚೆಯಿಂದ ಚೀನಾದ ಲಾಸೋ ವೀಕ್ಷಣಾಲಯ ಹಿಡಿದು 2021ರಲ್ಲಿ ಪ್ರಕಟಿಸಿದ ಒಂದು ಗಾಮಾ ಕಣಕ್ಕೆ 1.1 ಪೆಟಾ (1,100 ಟೆರಾ) ಎಲೆಕ್ಟ್ರಾನ್ ವೋಲ್ಟ್, ಅಂದ್ರೆ ಅದರ ನಾಲ್ಕೈದು ಕೋಟಿ ಕೋಟಿ ಪಟ್ಟು! ಚಳಿಗೆ ಕೈ ಮರಗಟ್ಟಿತ್ತು, ಆದ್ರೂ ಐಪೀಸ್ ಬಿಟ್ಟು ಏಳೋಕೆ ಮನಸ್ಸಾಗ್ಲಿಲ್ಲ.

ಅಷ್ಟರಲ್ಲಿ ಟೂರಿಸ್ಟ್ ಗಾಡಿಯೊಂದು ಹೈ ಬೀಮ್ ಹಾಕ್ಕೊಂಡು ಬಂತು, ಆ ಹುಡುಗಿ ಓಡಿಹೋಗಿ ಡಿಮ್ ಮಾಡಿಸಿದ್ಲು. ನ್ಯಾನೋಸೆಕೆಂಡಿನ ಮಿಂಚಿಗೆ ಕಾಯ್ತಿರೋ ಟ್ಯೂಬ್‌ಗಳು ಇರೋ ಊರು ಅದು. ದಯವಿಟ್ಟು, ಹೋಗೋರು ಅಮಾವಾಸ್ಯೆ ಹತ್ರ ಹೋಗಿ, ಕತ್ತಲಾಗೋ ಮುಂಚೆನೇ ಊರು ಸೇರ್ಕೊಳ್ಳಿ, ಡ್ರೈವರ್‌ಗೆ ಹೆಡ್‌ಲೈಟ್ ವಿಷಯ ಲೇಹ್‌ನಲ್ಲೇ ಹೇಳಿಬಿಡಿ.