ಬೆನ್ನ ಹಿಂದಿನ ಬೆರಳು

ರಜೆಗೆ ಚಿಂತಾಮಣಿಗೆ ಬಂದಿದ್ದೀನಿ. ಮ್ಯೂನಿಕ್‌ನಲ್ಲಿ ನನ್ನ ಜೊತೆ ಬೀಚ್ ವಾಲಿಬಾಲ್ ಆಡೋರ ಫೋಟೋ ನೋಡಿ ಅಮ್ಮ ಕೇಳಿದ್ರು, "ಇವರ ಹತ್ರ ಅದೇನ್ ಮಾತಾಡ್ತೀಯೋ?"

ನಿಜ ಹೇಳ್ಬೇಕಂದ್ರೆ ಹೆಚ್ಚೇನೂ ಇಲ್ಲ. ಒಬ್ಬ ಉಕ್ರೇನಿನವನು, ಒಬ್ಬ ಟರ್ಕಿಯವನು, ನಾನು. ಮೂವರ ಜರ್ಮನ್ನೂ ಅಷ್ಟಕ್ಕಷ್ಟೇ. ಆದ್ರೆ ನೆಟ್ ಹತ್ರ ನಿಂತವನು ಬೆನ್ನ ಹಿಂದೆ ಒಂದು ಬೆರಳು ತೋರಿಸಿದ್ರೆ ಎದುರಾಳಿಯ ನೇರ ಹೊಡೆತಕ್ಕೆ ಬ್ಲಾಕ್ (ನೆಟ್ ಹತ್ರ ಹಾರಿ ಕೈಯೆತ್ತಿ ತಡೆಯೋದು), ಎರಡು ತೋರಿಸಿದ್ರೆ ಅಡ್ಡ ಹೊಡೆತಕ್ಕೆ, ಮುಷ್ಟಿ ಹಿಡಿದ್ರೆ ಬ್ಲಾಕೇ ಇಲ್ಲ. ಹಿಂದೆ ನಿಂತವನು ಅದನ್ನ ನೋಡ್ಕೊಂಡೇ ಜಾಗ ಹಿಡೀಬೇಕು. ಮೂರು ಟಚ್‌ನೊಳಗೆ ಚೆಂಡು ಆಚೆ ಹೋಗ್ಬೇಕು, ಬೆನ್ನುಬೆನ್ನಿಗೆ ಎರಡು ಸಲ ಒಬ್ಬನೇ ಬಾರಿಸೋ ಹಾಗಿಲ್ಲ. ಹಾಗಾಗಿ ಗೊತ್ತಿಲ್ಲದವನನ್ನೂ ನಂಬ್ಲೇಬೇಕು. ಆಫೀಸಲ್ಲಿ ವರ್ಷಗಟ್ಟಲೆ ಪಕ್ಕದಲ್ಲೇ ಕೂತವರ ಜೊತೆ ಇಷ್ಟು ಸಲುಗೆ ಬಂದಿಲ್ಲ ನನಗೆ.

ಆಂಧ್ರ ಗಡಿ ಸೀಮೆಯ ನಮಗೆ ಇದೇನು ಹೊಸದಲ್ಲ ಬಿಡಿ. ಇಲ್ಲಿ ಶಾಲೆ ಮೈದಾನದಲ್ಲಿ ಪಾಯಿಂಟ್ ಎಣಿಸೋದು ತೆಲುಗಲ್ಲಿ, ಜಗಳ ಕನ್ನಡದಲ್ಲಿ, ರಾಜಿ ಉರ್ದುವಲ್ಲಿ.

ಟರ್ಕಿಯವನು ಮುಂದಿನ ರಜೆಗೆ ನಮ್ಮೂರಿಗೆ ಬರ್ತಾನಂತೆ. ಮುದ್ದೆ ಅಗಿಯಬಾರದು, ನುಂಗ್ಬೇಕು ಅನ್ನೋದಕ್ಕೆ ಯಾವ ಬೆರಳು ತೋರಿಸೋದೋ!