ಮೈನಸ್ ಚಳಿಯಲ್ಲಿ ಗುಳುಗುಳು ಅಂದ ಫರ್ನೇಸ್

2019ರ ಜನವರಿ ಕೊನೆಯ ವಾರವನ್ನು ಮಿಷಿಗನ್‌ನಲ್ಲಿದ್ದವರು ಯಾರೂ ಮರೆತಿರಲಿಕ್ಕಿಲ್ಲ. ಉತ್ತರ ಧ್ರುವದ ಮೇಲೆ ಸುತ್ತುತ್ತಿರಬೇಕಾದ ಚಳಿಗಾಳಿ, ಪೋಲಾರ್ ವೋರ್ಟೆಕ್ಸ್ ಅಂತಾರಲ್ಲ ಅದು, ದಕ್ಷಿಣಕ್ಕೆ ಇಳಿದು ಇಡೀ ಮಿಡ್‌ವೆಸ್ಟ್ ಮೇಲೆ ಕೂತಿತ್ತು. 30ನೇ ತಾರೀಕು ಮಿನಿಯಾಪೊಲಿಸ್‌ನಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಶಿಕಾಗೋದಲ್ಲಿ ಮೈನಸ್ 23. ಸೆಲ್ಸಿಯಸ್‌ನಲ್ಲಿ ಹೇಳುವುದಾದರೆ ಮೈನಸ್ 33 ಮತ್ತು ಮೈನಸ್ 31. ಹಲವು ಕಡೆ ಅಂಚೆಯವರೂ ಮನೆಬಾಗಿಲಿಗೆ ಬರುವುದನ್ನು ನಿಲ್ಲಿಸಿದ್ದರು. ನಾವಿದ್ದದ್ದು ಡೆಟ್ರಾಯಿಟ್ ಪಕ್ಕದ ನೊವೈನಲ್ಲಿ. ಅಲ್ಲೂ ಮೈನಸ್ 10 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಿತ್ತು.

ಅದೇ ದಿನ ಬೆಳಿಗ್ಗೆ ಮೆಕೋಂಬ್ ಕೌಂಟಿಯಲ್ಲಿ ನೈಸರ್ಗಿಕ ಅನಿಲವನ್ನು ಒತ್ತಡ ಕೊಟ್ಟು ಪೈಪುಗಳಲ್ಲಿ ಮುಂದಕ್ಕೆ ತಳ್ಳುವ ಒಂದು ದೊಡ್ಡ ಕಂಪ್ರೆಸರ್ ಸ್ಟೇಷನ್‌ಗೆ ಬೆಂಕಿ ಬಿತ್ತು. ರಾತ್ರಿ ಮಲಗುವ ಹೊತ್ತಿಗೆ ಎಲ್ಲರ ಫೋನೂ ಒಟ್ಟಿಗೆ ಕಿರುಚಿದವು. ಗ್ಯಾಸ್ ಸಾಕಾಗದೇ ಹೋಗಬಹುದು, ಎಲ್ಲರೂ ಮನೆಯ ಬಿಸಿ ಎಷ್ಟಿರಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ ಅನ್ನು 65 ಅಥವಾ ಅದಕ್ಕಿಂತ ಕೆಳಗೆ ಇಡಿ ಅಂತ ತುರ್ತು ಸಂದೇಶ. 65 ಅಂದರೆ 18 ಡಿಗ್ರಿ ಸೆಲ್ಸಿಯಸ್. ಗವರ್ನರ್ ವಿಟ್ಮರ್ ಕೂಡ ವಿಡಿಯೋದಲ್ಲಿ ಬಂದು ಕೇಳಿಕೊಂಡರು. ಜನರಲ್ ಮೋಟರ್ಸ್‌ನಂಥ ಕಂಪನಿಯೇ ಕಾರ್ಖಾನೆಗಳ ಕೆಲಸ ನಿಲ್ಲಿಸಿತ್ತು. ನಾವೂ 70ರಲ್ಲಿದ್ದದ್ದನ್ನು 65ಕ್ಕೆ ಇಳಿಸಿ, ಮಗುವಿಗೆ ಇನ್ನೊಂದು ಸ್ವೆಟರ್ ಹಾಕಿ ಮಲಗಿಸಿದೆವು.

ಬೆಳಗಿನ ಜಾವ ಎಚ್ಚರವಾದಾಗ ಮೂಗಿನ ತುದಿ ತಣ್ಣಗಾಗಿತ್ತು. ಥರ್ಮೋಸ್ಟಾಟ್ 57 ತೋರಿಸುತ್ತಿತ್ತು. ಮನೆಯಲ್ಲಿ ಇನ್ನೂ ನಡೆಯಲು ಬಾರದ ಮಗು, ಹೊರಗೆ ಗಡ್ಡೆಕಟ್ಟಿಸುವ ಚಳಿ. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಮೊದಲು ಬಂದ ಯೋಚನೆ ಗ್ಯಾಸೇ ನಿಂತುಹೋಯಿತೇನೋ ಅನ್ನುವುದು. ಅಡುಗೆಮನೆಗೆ ಹೋಗಿ ಸ್ಟವ್ ಹಚ್ಚಿದೆ. ನೀಲಿ ಜ್ವಾಲೆ ಸರಿಯಾಗಿಯೇ ಬಂತು. ಗ್ಯಾಸ್ ಇದೆ. ಹಾಗಾದರೆ ತೊಂದರೆ ನಮ್ಮ ಮನೆಯೊಳಗೇ ಇದೆ.

ಕೈಕಾಲು ಬಿಡದೆ ನಿಲ್ಲಲು ಸಾಧ್ಯವಾದದ್ದಕ್ಕೆ ಒಂದು ಕಾರಣ ಇದೆ. ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಇಡೀ ಮನೆ ಬಿಸಿ ಮಾಡುವ ಯಂತ್ರ, ಸ್ವಚ್ಛ ಮಾಡಲು ಬರುವ ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ನೋಡುವುದು, ಕೇಳುವುದು ನನಗೆ ಅಭ್ಯಾಸ. ಅವರು ಬೇಸರಪಟ್ಟುಕೊಳ್ಳದೆ ಹೇಳಿಕೊಟ್ಟ ಒಂದು ವಿಷಯ ಇಲ್ಲಿ ಹೊಸದಾಗಿ ಮನೆ ಮಾಡುವ ನಮ್ಮವರಿಗೆಲ್ಲ ಗೊತ್ತಿರಬೇಕು ಅಂತ ನನ್ನಾಸೆ. ಫರ್ನೇಸ್ ಒಂದೇ ಏಟಿಗೆ ಹತ್ತಿಕೊಳ್ಳುವ ಯಂತ್ರ ಅಲ್ಲ. ಅದಕ್ಕೊಂದು ಕ್ರಮ ಇದೆ. ಥರ್ಮೋಸ್ಟಾಟ್ ಬಿಸಿ ಬೇಕು ಅಂತ ಕೇಳಿದ ತಕ್ಷಣ ಮೊದಲು ತಿರುಗುವುದು ಇಂಡ್ಯೂಸರ್ ಅನ್ನುವ ಸಣ್ಣ ಫ್ಯಾನ್. ಅದು ಹೊಗೆಯ ದಾರಿಯಲ್ಲಿ ಗಾಳಿ ಎಳೆಯುತ್ತದೆ. ಗಾಳಿ ಸರಿಯಾಗಿ ಹರಿದರೆ ಮಾತ್ರ ಪ್ರೆಶರ್ ಸ್ವಿಚ್ ಒಪ್ಪಿಗೆ ಕೊಡುತ್ತದೆ. ಆಮೇಲೆ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬೆಂಕಿ ಹತ್ತುತ್ತದೆ, ಬೆಂಕಿ ನಿಜವಾಗಿ ಹತ್ತಿದೆಯಾ ಅಂತ ಫ್ಲೇಮ್ ಸೆನ್ಸರ್ ಅನ್ನುವ ಕಡ್ಡಿ ನೋಡಿ ಹೇಳುತ್ತದೆ. ಒಳಗಿನ ಲೋಹ ಚೆನ್ನಾಗಿ ಕಾದ ಮೇಲೆ ಕೊನೆಗೆ ದೊಡ್ಡ ಬ್ಲೋವರ್ ಶುರುವಾಗಿ ಕೋಣೆಗಳಿಗೆ ಬಿಸಿಗಾಳಿ ಬರುತ್ತದೆ. ಎಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ನಮ್ಮದು ಬೇಸ್‌ಮೆಂಟ್ ಇಲ್ಲದ ಕಾಂಡೊ, ಅಂದರೆ ಮನೆಮಾಲೀಕರ ಸಂಘ ಇರುವ ಸಾಲುಮನೆ. ಫರ್ನೇಸ್ ಇರುವುದು ಗರಾಜ್‌ಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ. ಅಲ್ಲಿ ಹೋಗಿ ಸುಮ್ನೆ ಕಿವಿಗೊಟ್ಟು ನಿಂತೆ. ಇಂಡ್ಯೂಸರ್ ಗುಂಯ್ ಅಂತ ಶುರುವಾಯಿತು. ಸ್ವಲ್ಪ ಹೊತ್ತು ತಿರುಗಿತು. ಇಗ್ನೈಟರ್ ಕೆಂಪಾಗಲೇ ಇಲ್ಲ. ನಿಂತಿತು. ಮತ್ತೆ ಶುರು, ಮತ್ತೆ ನಿಲುಗಡೆ. ಒಳಗಿನ ಸಣ್ಣ ದೀಪ ಮೂರು ಸಲ ಮಿಣುಕಿ ಬಿಡುವು ಕೊಟ್ಟು ಮತ್ತೆ ಮೂರು ಸಲ ಮಿಣುಕುತ್ತಿತ್ತು. ಫರ್ನೇಸ್ ಬಾಗಿಲಿನ ಒಳಮೈಯಲ್ಲಿ ಯಾವ ಮಿಣುಕಿಗೆ ಏನರ್ಥ ಅಂತ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರಲ್ಲಿ ಮೂರು ಅಂದರೆ ಪ್ರೆಶರ್ ಸ್ವಿಚ್ ಒಪ್ಪಿಗೆ ಕೊಡುತ್ತಿಲ್ಲ ಅಂತ. ಅಂದರೆ ಎರಡನೇ ಮೆಟ್ಟಿಲಲ್ಲೇ ತಡೆ.

ಹೀಟಿಂಗ್ ಕಂಪನಿಗೆ ಫೋನ್ ಮಾಡಿದರೆ ತುಂಬಾ ಹೊತ್ತು ಕಾಯಿಸಿ, ನಾಳೆ ಸಂಜೆಗಿಂತ ಮುಂಚೆ ಯಾರೂ ಸಿಗುವುದಿಲ್ಲ ಅಂದರು. ತಪ್ಪು ಅವರದ್ದಲ್ಲ, ಊರಿಗೆ ಊರೇ ಅವರಿಗೆ ಫೋನ್ ಮಾಡುತ್ತಿತ್ತು. ಫೋನ್ ಎತ್ತಿದ ಹೆಂಗಸು ಮನೆಯಲ್ಲಿ ಮಗು ಇದೆಯಾ, ದೀಪ ಎಷ್ಟು ಸಲ ಮಿಣುಕುತ್ತಿದೆ ಅಂತ ಕೇಳಿದರು. ಮೂರು ಅಂದಾಗ, ಹಾಗಾದರೆ ಹೊರಗಿನ ಬಿಳಿ ಪೈಪುಗಳನ್ನು ನೋಡಿ, ನೀರು ಹೋಗುವ ಪೈಪು ನೋಡಿ, ಇನ್ನೇನೂ ಬಿಚ್ಚಬೇಡಿ ಅಂದರು. ಆ ತಾಯಿಗೆ ಇವತ್ತಿಗೂ ನನ್ನ ನಮಸ್ಕಾರ.

ಮೈತುಂಬಾ ಬಟ್ಟೆ ಸುತ್ತಿಕೊಂಡು ಹೊರಗೆ ಹೋದೆ. ಗೋಡೆಯಿಂದ ಎರಡು ಪ್ಲಾಸ್ಟಿಕ್ ಪೈಪುಗಳು ಹೊರಗೆ ಬಂದಿರುತ್ತವೆ, ಒಂದು ಗಾಳಿ ಎಳೆಯಲು, ಇನ್ನೊಂದು ಹೊಗೆ ಬಿಡಲು. ಎಳೆಯುವ ಪೈಪಿನ ಬಾಯಲ್ಲಿ ಹಿಮದ ಹರಳುಗಳು ಉಂಗುರದ ಹಾಗೆ ಕಟ್ಟಿದ್ದವು. ಹೊಗೆಯಲ್ಲಿರುವ ಆವಿ ಪಕ್ಕದ ಪೈಪಿನ ಬಾಯಿಗೆ ತಾಗಿ ಹೆಪ್ಪುಗಟ್ಟಿದೆ. ಮರದ ಚಮಚದಲ್ಲಿ ಕೆರೆದು ತೆಗೆದು ಒಳಗೆ ಬಂದು ಮತ್ತೆ ಹಚ್ಚಿ ನೋಡಿದರೆ, ಅದೇ ಮೂರು ಮಿಣುಕು. ಅಷ್ಟರಲ್ಲಿ ಥರ್ಮೋಸ್ಟಾಟ್ 55ಕ್ಕೆ ಇಳಿದಿತ್ತು.

ಆಗ ನನ್ನ ಹೆಂಡತಿ ಬಾಗಿಲಲ್ಲಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದವಳು, "ಫ್ಯಾನ್ ತಿರುಗುವಾಗ ಗುಳುಗುಳು ಅಂತಿದೆ, ಕೇಳಿಸ್ತಿಲ್ವಾ?" ಅಂದಳು. ಹೌದು, ಇಂಡ್ಯೂಸರ್ ಸದ್ದಿನ ಕೆಳಗೆ ನೀರು ಕುದಿಯುವಂಥ ಒಂದು ಸದ್ದು ಇತ್ತು. ಫರ್ನೇಸ್ ಹೊಟ್ಟೆಯಲ್ಲಿ ನೀರು ನಿಂತಿದೆ.

ಬೆಂಕಿ ಉರಿಯುವ ಯಂತ್ರದಲ್ಲಿ ನೀರೆಲ್ಲಿಂದ ಬಂತು ಅಂತ ಅನ್ನಿಸಬಹುದು. ಗ್ಯಾಸ್ ಉರಿದಾಗ ಹುಟ್ಟುವುದೇ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಹಳೇ ಕಾಲದ ಫರ್ನೇಸ್‌ಗಳು ಆ ಆವಿಯನ್ನು ಬಿಸಿಬಿಸಿಯಾಗಿಯೇ ಚಿಮಣಿಯಿಂದ ಹೊರಗೆ ಬಿಡುತ್ತವೆ. ಅದರ ಜೊತೆ ಐದರಲ್ಲೊಂದು ಪಾಲು ಶಾಖವೂ ಹೊರಗೆ. ಈಗಿನ 90 ಪರ್ಸೆಂಟ್‌ಗಿಂತ ಜಾಸ್ತಿ ದಕ್ಷತೆಯವು ಹೊಗೆಯನ್ನು ಎರಡನೇ ಸಲ ಹಿಂಡುತ್ತವೆ. ಆವಿ ನೀರಾಗಿ ಇಳಿಯುವಾಗ ಬಿಟ್ಟುಕೊಡುವ ಶಾಖವನ್ನೂ ಮನೆಗೆ ಕೊಡುತ್ತವೆ. ಹೊಗೆ ಅಷ್ಟು ತಣ್ಣಗಾಗುವುದರಿಂದಲೇ ಪ್ಲಾಸ್ಟಿಕ್ ಪೈಪು ಸಾಕಾಗುತ್ತದೆ. ಆದರೆ ಆ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಇಂಥ ಚಳಿಯಲ್ಲಿ ಫರ್ನೇಸ್ ದಿನವಿಡೀ ಉರಿದರೆ ಬಕೆಟ್‌ಗಟ್ಟಲೆ ಬರುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಅದು ಹಿಂದಕ್ಕೆ ತುಂಬಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಪ್ರೆಶರ್ ಸ್ವಿಚ್ ಬೆಂಕಿ ಹಚ್ಚಲು ಬಿಡುವುದಿಲ್ಲ. ಬಿಡಲೂ ಬಾರದು.

ನಮ್ಮ ಮನೆಯಲ್ಲಿ ಆ ನೀರಿನ ಪೈಪು ಗೋಡೆ ದಾಟಿ ಗರಾಜ್ ಮೂಲೆಯಲ್ಲಿ ಹಾದು ಹೋಗುತ್ತಿತ್ತು. ಗರಾಜ್‌ಗೆ ಹೀಟಿಂಗ್ ಇಲ್ಲ. ಪೈಪಿಗೆ ಹೊದಿಕೆಯೂ ಇಲ್ಲ. ಮುಟ್ಟಿ ನೋಡಿದರೆ ಕಲ್ಲು.

ಫರ್ನೇಸ್ ಸ್ವಿಚ್ ಆಫ್ ಮಾಡಿದೆ. ಕೆಳಗೆ ನೀರು ಬಂದು ಸೇರುವ ಟ್ರ್ಯಾಪ್‌ನಿಂದ ಪೈಪಿಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ ಸಡಿಲಿಸಿ ಎಳೆದೆ. ಬಳಬಳ ಅಂತ ನೀರು ಸುರಿಯಿತು. ಕೊಳವೆಯ ತುದಿಯನ್ನು ಪ್ಲಾಸ್ಟಿಕ್ ಬಕೆಟ್‌ಗೆ ಬಿಟ್ಟೆ. ಈ ನೀರಿನಲ್ಲಿ ಸ್ವಲ್ಪ ಆಮ್ಲ ಇರುತ್ತದೆ, ಲೋಹದ ಪಾತ್ರೆ ಬೇಡ. ಬಾಗಿಲು ಮುಚ್ಚಿ, ಸ್ವಿಚ್ ಹಾಕಿ ಕಾದೆವು. ಇಂಡ್ಯೂಸರ್ ಗುಂಯ್ ಅಂದಿತು, ಗುಳುಗುಳು ಇಲ್ಲ. ಟಕ್ ಅಂತ ಪ್ರೆಶರ್ ಸ್ವಿಚ್. ಕಿಂಡಿಯಲ್ಲಿ ಇಗ್ನೈಟರ್ ಕೆಂಪಾಯಿತು. ಭಗ್ ಅಂತ ಸಾಲಾಗಿ ನೀಲಿ ಜ್ವಾಲೆಗಳು. ಬ್ಲೋವರ್ ಶುರುವಾಗಿ ನೆಲದ ಜಾಲರಿಯಿಂದ ಬಿಸಿಗಾಳಿ ಬಂದಾಗ ಇಬ್ಬರಿಗೂ ಕಣ್ಣು ತುಂಬಿತು. ಅವತ್ತು ರಾತ್ರಿ ಇಬ್ಬರೂ ಪಾಳಿಯಲ್ಲಿ ಎದ್ದು ಬಕೆಟ್ ಖಾಲಿ ಮಾಡಿದೆವು.

ಈ ನಡುವೆ ನಡೆದ ಒಂದು ಮಾತು ಹೇಳಲೇಬೇಕು. ಫರ್ನೇಸ್ ನಿಂತಿದೆ ಅಂತ ಗೊತ್ತಾಗಿ ಒಬ್ಬ ಗೆಳೆಯರು ಪ್ರೀತಿಯಿಂದಲೇ ಫೋನ್ ಮಾಡಿ, ಗ್ಯಾಸ್ ಓವನ್ ಹಚ್ಚಿ ಬಾಗಿಲು ತೆರೆದಿಡಿ, ಇಲ್ಲಾಂದರೆ ಇದ್ದಿಲ ಗ್ರಿಲ್ ಒಳಗೆ ತನ್ನಿ ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮಲೆನಾಡಿನ ಹೆಂಚಿನ ಮನೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತು ಬೆಳೆದವರಿಗೆ ಅದರಲ್ಲೇನು ತಪ್ಪು ಅನ್ನಿಸುತ್ತದೆ. ಆ ಮನೆಗಳಲ್ಲಿ ಹೆಂಚಿನ ಸಂದಿಯಲ್ಲಿ, ಬಾಗಿಲ ಸಂದಿಯಲ್ಲಿ ಗಾಳಿ ಆಡುತ್ತಿರುತ್ತದೆ. ಇಲ್ಲಿಯ ಮನೆಗಳನ್ನು ಗಾಳಿ ನುಸುಳದಂತೆ ಮುಚ್ಚಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಮಲಗುವ ಕೋಣೆ ಹತ್ತಿರ ಅದರ ಅಲಾರಂ ಇಲ್ಲದಿದ್ದರೆ ಇವತ್ತೇ ತಂದು ಹಾಕಿ. ಇದೇ ಕಾರಣಕ್ಕೆ ಇನ್ನೊಂದು. ಪ್ರೆಶರ್ ಸ್ವಿಚ್ ಕೆಟ್ಟಿದೆ ಅಂತ ಅದರ ಎರಡು ವೈರ್‌ಗಳನ್ನು ನೇರವಾಗಿ ಜೋಡಿಸಿ ಫರ್ನೇಸ್ ಓಡಿಸುವವರನ್ನು ನಾನು ಕಂಡಿದ್ದೇನೆ. ಅದು ರಿಪೇರಿ ಅಲ್ಲ. ಹೊಗೆ ಹೊರಗೆ ಹೋಗುತ್ತಿಲ್ಲ ಅಂತ ಅದು ಹೇಳುತ್ತಿದೆ, ಅದರ ಬಾಯಿ ಮುಚ್ಚಿಸಿ ಮಕ್ಕಳನ್ನು ಮಲಗಿಸಬಾರದು. ಗ್ಯಾಸ್ ವಾಲ್ವ್, ಬರ್ನರ್ ನಾನಂತೂ ಮುಟ್ಟುವುದಿಲ್ಲ.

ಮರುದಿನ ಸಂಜೆ ಟೆಕ್ನಿಷಿಯನ್ ಬಂದರು. ಮುಖ ನೋಡಿದರೆ ನಿದ್ದೆ ಮಾಡಿ ಎಷ್ಟೋ ಹೊತ್ತಾದ ಹಾಗಿತ್ತು, ಕಾಫಿ ಕೊಟ್ಟೆವು. ಟ್ರ್ಯಾಪ್ ಬಿಚ್ಚಿ ತೊಳೆದರು, ಫ್ಲೇಮ್ ಸೆನ್ಸರ್ ಕಡ್ಡಿಯನ್ನು ನಯವಾದ ಉಕ್ಕಿನ ಉಣ್ಣೆಯಲ್ಲಿ ಉಜ್ಜಿದರು. ಆಮೇಲೆ ಗರಾಜ್ ಪೈಪನ್ನು ನೋಡಿ ತಲೆ ಅಲ್ಲಾಡಿಸಿದರು. ಎರಡು ಅಡಿ ದೂರದಲ್ಲಿ ವಾಷಿಂಗ್ ಮೆಷಿನ್ನಿನ ನೀರು ಹೋಗುವ ಪೈಪ್ ಬೆಚ್ಚಗೆ ಒಳಗೇ ಇದೆ. ಕಟ್ಟುವಾಗಲೇ ಅದಕ್ಕೆ ಸೇರಿಸಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಅವರು ಅವತ್ತೇ ಸೇರಿಸಿ ಕೊಟ್ಟರು. ಇಂಥ ಊರಿನಲ್ಲಿ ಮನೆ ಕಟ್ಟುವವರು ನೀರಿನ ಪೈಪನ್ನು ಚಳಿಗೆ ಬಿಟ್ಟು ಹೋದದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ನಾವು ಮಾಡಬಹುದಾದ ಕೆಲಸ ಜಾಸ್ತಿ ಏನಿಲ್ಲ. ಫರ್ನೇಸ್‌ಗೆ ಹೋಗುವ ಗಾಳಿ ಸೋಸುವ ಫಿಲ್ಟರ್ ಒಂದಿಂಚಿನ ತೆಳುವಾದದ್ದಾದರೆ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಬೇಕು, ಬೆಳಕು ಕಾಣದಿದ್ದರೆ ಬದಲಿಸಬೇಕು. ಅದು ಕಟ್ಟಿಕೊಂಡರೆ ಗಾಳಿ ಸಾಲದೆ ಒಳಗೆ ಅತಿಯಾಗಿ ಕಾದು ಫರ್ನೇಸ್ ತಾನೇ ಆರುತ್ತದೆ. ಹಿಮ ಬಿದ್ದಾಗಲೆಲ್ಲ ಹೊರಗಿನ ಎರಡು ಪೈಪುಗಳ ಸುತ್ತ ಸರಿಸಬೇಕು. ನೀರು ಹೋಗುವ ದಾರಿ ಎಲ್ಲೆಲ್ಲಿ ಹಾದಿದೆ ಅಂತ ಒಮ್ಮೆ ಬೆರಳಿಟ್ಟು ಹಿಂಬಾಲಿಸಿ ನೋಡಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಉಳಿದದ್ದಕ್ಕೆ ಸೆಪ್ಟೆಂಬರ್‌ನಲ್ಲೇ ಟೆಕ್ನಿಷಿಯನ್ ಕರೆಸಿ. ಜನವರಿಯಲ್ಲಿ ಅವರು ಸಿಗುವುದಿಲ್ಲ.

ನಮ್ಮ ಸಾಲಿನ ಮನೆಗಳೆಲ್ಲ ಒಂದೇ ನಕ್ಷೆಯವು. ಹಾಗಾಗಿ ಫರ್ನೇಸ್ ಮತ್ತೆ ಉರಿಯಲು ಶುರುವಾದ ಕೂಡಲೇ ಹೆಂಡತಿ ಪಕ್ಕದ ಮನೆಗಳ ಬಾಗಿಲು ತಟ್ಟಿ ಹೇಳಿದಳು. ಕೊನೆಯ ಮನೆಯ ವಯಸ್ಸಾದ ದಂಪತಿಯ ಪೈಪು ಆಗಲೇ ಅರ್ಧ ಗಡ್ಡೆಕಟ್ಟಿತ್ತು, ಅವರ ಫರ್ನೇಸೂ ಗುಳುಗುಳು ಅನ್ನುತ್ತಿತ್ತು. ಬಿಸಿನೀರಲ್ಲಿ ಅದ್ದಿದ ಟವೆಲ್‌ಗಳನ್ನು ಸುತ್ತಿ ಸುತ್ತಿ ಕರಗಿಸಿದೆವು. ವಸಂತದಲ್ಲಿ ಮನೆಮಾಲೀಕರ ಸಂಘದ ಸಭೆಯಲ್ಲಿ ಇದನ್ನು ಎತ್ತಿದಾಗ, ಅದು ಮನೆಯೊಳಗಿನ ವಿಷಯ, ಸಂಘಕ್ಕೆ ಸಂಬಂಧ ಇಲ್ಲ ಅಂತ ಮೊದಲು ವಾದ ಬಂತು. ಗರಾಜ್ ಗೋಡೆಯ ಪೈಪು ಎಲ್ಲರದ್ದೂ ಅಂತ ನಾವೂ ಬಿಡಲಿಲ್ಲ. ಕೊನೆಗೆ ಖರ್ಚು ಅರ್ಧ ಸಂಘದ್ದು, ಅರ್ಧ ಮನೆಯವರದ್ದು ಅಂತ ಒಪ್ಪಿಗೆಯಾಗಿ, ಮುಂದಿನ ಚಳಿ ಬರುವ ಮೊದಲೇ ಸಾಲಿನ ಎಲ್ಲಾ ಪೈಪುಗಳೂ ಒಳಗೆ ಬಂದವು.